ಗಾಳಿ ದೈವದ್ದು, ಕೊಂಬೆ ಮನೆಯವರದು

ಶಿವರಾತ್ರಿ ಕಳೆದರೆ ಚಳಿಯು ‘ಶಿವಶಿವ’ ಎನ್ನುತ್ತ ಹೊರಟುಹೋಗುವುದೆಂಬುದು ಕನ್ನಡಿಗರ ಮನೆಮನೆಯ ಮಾತು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡದ ಮನೆಗಳಲ್ಲಿ ಎರಡು ಕಾಲಗಣನೆಗಳು ಒಟ್ಟಿಗೆ ಬಾಳುತ್ತವೆ. ಮಾಘ, ಫಾಲ್ಗುಣ, ಯುಗಾದಿ ಎನ್ನುವ ಪಂಚಾಂಗ ಒಂದು. ತೈ, ಮಾಸಿ, ಪಂಗುನಿ ಎನ್ನುವ ಗೋಡೆಯ ಕ್ಯಾಲೆಂಡರ್ ಇನ್ನೊಂದು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತೆಂಬುದನ್ನು ನೆನೆದರೆ, ಈ ಒಡನಾಟ ಹೊಸದಲ್ಲವೆಂಬುದು ತಿಳಿಯುತ್ತದೆ. ಇದು ಕೈತೋಟಕ್ಕೆ ಬೀಜ ತೆಗೆಯುವ ಹೊತ್ತೆಂಬುದರಲ್ಲಿ ಎರಡು ಲೆಕ್ಕಗಳಿಗೂ ಭೇದವಿಲ್ಲ. ಆದರೆ ಇದೇ ಹೊತ್ತಿನಲ್ಲಿ ಕಾಲ ತಪ್ಪಿದ ಗಾಳಿಮಳೆಯೂ ಬರಬಹುದೆಂಬುದನ್ನು ಹಬ್ಬದ ದಿನಗಳನ್ನು ಕಾಣಿಸುವ ಯಾವ ಹಾಳೆಯೂ ಹೇಳುವುದಿಲ್ಲ.

ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಈ ಸೀಮೆಗೆ ವರ್ಷದ ಮಳೆಯ ದೊಡ್ಡ ಪಾಲು ಬರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈಶಾನ್ಯ ಮಾರುತದಿಂದ. ಹವಾಮಾನ ಇಲಾಖೆಯು ಚಳಿಗಾಲವೆಂದು ಎಣಿಸುವ ಜನವರಿ, ಫೆಬ್ರವರಿಗಳು ಸಾಮಾನ್ಯವಾಗಿ ಒಣ ತಿಂಗಳುಗಳು. ಆದರೂ 2021ರಲ್ಲಿ ಈಶಾನ್ಯ ಮಾರುತ ಜನವರಿ 19ರವರೆಗೆ ಹಿಂದೆ ಸರಿಯಲಿಲ್ಲ. ಪೊಂಗಲ್ ಹೊತ್ತಿನ ಮಳೆಗೆ ಕಾವೇರಿಯ ಮುಖಜಭೂಮಿಯಲ್ಲಿ ಕೊಯ್ಲಿಗೆ ನಿಂತಿದ್ದ ಸಾಂಬಾ ಬತ್ತ ನೆಲಕ್ಕೆ ಮಲಗಿತು. 2023ರ ಫೆಬ್ರವರಿಯ ಆರಂಭದಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತವೊಂದು ಶ್ರೀಲಂಕೆಯನ್ನು ಹಾದು ಬಂದಾಗಲೂ ಅಲ್ಲಿಯ ರೈತರು ಅದೇ ನಷ್ಟವನ್ನು ಕಂಡರು. ಮಾರ್ಚ್ ಹೊಕ್ಕ ಮೇಲೆ ಕಾಯ್ದ ನೆಲದಿಂದ ಮೇಲೇಳುವ ಬಿಸಿಗಾಳಿಯಿಂದ ಸಂಜೆಯ ಗುಡುಗುಮಳೆ ಹುಟ್ಟುತ್ತದೆ. ತಮಿಳರು ‘ಕೋಡೈ ಮಳೈ’ ಎಂದು ಕರೆಯುವ ಈ ಬೇಸಗೆಯ ಮಳೆ ಸುರಿಯುವುದು ಅರ್ಧ ಗಂಟೆಯಾದರೂ, ಅದರ ಮುಂದೆ ಓಡಿಬರುವ ಗಾಳಿ ಐದೇ ನಿಮಿಷದಲ್ಲಿ ತೋಟವನ್ನು ಬುಡಮೇಲು ಮಾಡಬಲ್ಲದು.

ಕೈತೋಟದವರಿಗೆ ಕಷ್ಟವಾಗುವುದು ಇಲ್ಲಿಯೇ. ಬೆಂಡೆಯ ಬಿತ್ತನೆಗೆ ಫೆಬ್ರವರಿ ತಕ್ಕ ತಿಂಗಳು. ಸೋರೆ, ಹೀರೆ, ಪಡವಲಗಳನ್ನು ಜನವರಿಯಲ್ಲಿ ಊರಿದ್ದರೆ ಅವು ಈಗ ಚಪ್ಪರ ಹತ್ತುತ್ತಿರುತ್ತವೆ. ಮಾವು ಹೂವಿನಲ್ಲಿರುತ್ತದೆ; ನುಗ್ಗೆಯೂ ಹೂ ತಳೆದಿರುತ್ತದೆ. ಗಾಳಿಗೆ ಅಂಜಿ ಸುಮ್ಮನಿದ್ದರೆ ಋತು ಕೈಬಿಡುತ್ತದೆ. ಋತುವನ್ನು ನಂಬಿ ಎಲ್ಲವನ್ನೂ ಬಯಲಿಗಿಟ್ಟರೆ ಗಾಳಿ ಕೈಕೊಡುತ್ತದೆ. ಇವೆರಡರ ನಡುವಿನ ದಾರಿಯೆಂದರೆ ಸಿದ್ಧತೆ. ಈ ಸಿದ್ಧತೆ ಗಿಡದ ಹಿತಕ್ಕಷ್ಟೇ ಅಲ್ಲ, ನೆರೆಮನೆಯ ಹಿತಕ್ಕೂ ಬೇಕೆಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಕನ್ನಡದಲ್ಲಿ ಪಕ್ಕದ ಮನೆಯೂ ‘ನೆರೆ’, ಉಕ್ಕಿ ಬರುವ ನೀರೂ ‘ನೆರೆ’. ಎರಡನೆಯದು ಬಂದ ಸಂಜೆಯೇ ಮೊದಲನೆಯದರೊಡನೆ ಜಗಳ ಹುಟ್ಟುವುದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಸೋಮನೂರು ಅಥವಾ ಪಲ್ಲಡದಂಥ ಊರಿನಲ್ಲಿ ಒಂದು ಮನೆಯ ಹಿತ್ತಲಲ್ಲಿ ಹತ್ತು ವರ್ಷದ ನುಗ್ಗೆಮರವಿದೆ. ಅದರ ಕೊಂಬೆ ಗೋಡೆ ದಾಟಿ, ಪಕ್ಕದ ವಿದ್ಯುತ್ ಮಗ್ಗದ ಕೊಟ್ಟಿಗೆಯ ಶೀಟಿನ ಸೂರಿನ ಮೇಲೆ ಚಾಚಿಕೊಂಡಿದೆ. ಒಂದು ಸಂಜೆಯ ಗಾಳಿಗೆ ಕೊಂಬೆ ಮುರಿದು ಶೀಟು ಒಡೆಯುತ್ತದೆ. ಮಗ್ಗದ ಮೇಲಿನ ನೂಲು ನೆನೆಯುತ್ತದೆ. ಮರದ ಒಡೆಯರು ಹೇಳುವ ಮಾತು: “ಗಾಳಿ ಬಂದದ್ದು ದೈವದ ಕೆಲಸ, ನಾವೇನು ಮಾಡುವುದು?” ಮಗ್ಗದ ಒಡೆಯರು ಕೇಳುವ ಮಾತು: “ಮರ ಯಾರದು?” ಎರಡೂ ಸಹಜವಾದ ಮಾತುಗಳೇ. ಆದರೆ ನ್ಯಾಯಾಲಯ ಕೇಳುವ ಪ್ರಶ್ನೆ ಮೂರನೆಯದು: ಹೀಗಾಗಬಹುದೆಂದು ಮೊದಲೇ ಕಾಣಲು ಸಾಧ್ಯವಿತ್ತೇ?

‘ದೈವಕೃತ್ಯ’ ಎಂಬ ವಾದ ಕಾನೂನಿನಲ್ಲಿ ಇದೆ. ಆದರೆ ಅದರ ಬಾಗಿಲು ಕಿರಿದು. 1876ರಲ್ಲಿ ತೀರ್ಮಾನವಾದ ಇಂಗ್ಲೆಂಡಿನ ನಿಕೋಲ್ಸ್ ಮತ್ತು ಮಾರ್ಸ್‌ಲ್ಯಾಂಡ್ ಮೊಕದ್ದಮೆಯಲ್ಲಿ, ಒಬ್ಬರ ಜಮೀನಿನ ಅಲಂಕಾರದ ಕೊಳಗಳು ಯಾರ ನೆನಪಿನಲ್ಲಿಯೂ ಇಲ್ಲದಂಥ ಮಳೆಗೆ ಒಡೆದು ಸೇತುವೆಗಳನ್ನು ಕೊಚ್ಚಿದವು. ಕೊಳಗಳ ನಿರ್ಮಾಣದಲ್ಲಿ ದೋಷವಿರಲಿಲ್ಲವಾದುದರಿಂದ ನ್ಯಾಯಾಲಯ ಅದನ್ನು ದೈವಕೃತ್ಯವೆಂದು ಒಪ್ಪಿತು. ಅದಕ್ಕೆ ಎದುರಾದ ಉದಾಹರಣೆ 1917ರದು. ಸ್ಕಾಟ್ಲೆಂಡಿನ ಗ್ರೀನಕ್ ನಗರಸಭೆಯು ಹಳ್ಳದ ಪಾತ್ರದಲ್ಲಿಯೇ ಮಕ್ಕಳು ನೀರಾಡುವ ಕೊಳವನ್ನು ಕಟ್ಟಿ, ಹರಿವಿನ ದಾರಿಯನ್ನು ಬದಲಿಸಿತ್ತು. ಅಸಾಧಾರಣ ಮಳೆಗೆ ನೀರು ಉಕ್ಕಿ ರೈಲ್ವೆ ಕಂಪನಿಯ ಆಸ್ತಿಗೆ ಹಾನಿಯಾದಾಗ, ದೈವಕೃತ್ಯದ ವಾದವನ್ನು ಹೌಸ್ ಆಫ್ ಲಾರ್ಡ್ಸ್ ತಳ್ಳಿಹಾಕಿತು. ಮಳೆ ದೊಡ್ಡದೆಂಬುದಷ್ಟೇ ಸಾಲದು. ಹರಿವಿಗೆ ಅಡ್ಡ ಕಟ್ಟಿದವರು ದೊಡ್ಡ ಮಳೆಯನ್ನೂ ಎಣಿಸಬೇಕಿತ್ತು.

ನಮ್ಮ ದೇಶದಲ್ಲಿಯೂ ಮರವೊಂದರ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ರಾಜಕೋಟೆಯಲ್ಲಿ ಬೀದಿಬದಿಯ ಮರವು ಹಠಾತ್ತಾಗಿ ಉರುಳಿ, ಕಚೇರಿಗೆ ನಡೆದುಹೋಗುತ್ತಿದ್ದವರೊಬ್ಬರು ಮೃತರಾದರು. ಕೆಳಗಿನ ನ್ಯಾಯಾಲಯಗಳು ಪರಿಹಾರ ಕೊಡಿಸಿದ್ದರೂ, 1997ರಲ್ಲಿ ಸುಪ್ರೀಂ ಕೋರ್ಟು ಮಹಾನಗರಪಾಲಿಕೆಯನ್ನು ಹೊಣೆಯಾಗಿಸಲು ಒಪ್ಪಲಿಲ್ಲ. ಅಪಾಯವನ್ನು ಮುಂಗಾಣಲು ಸಾಧ್ಯವಿತ್ತೇ ಎಂಬುದು ಅಲ್ಲಿಯೂ ಮುಖ್ಯ ವಿಚಾರವಾಗಿತ್ತು. ಈ ಅಳತೆಗೋಲನ್ನು ಹಿತ್ತಲಿಗೆ ತಂದರೆ ಮನೆಯವರ ಸ್ಥಾನ ಇಕ್ಕಟ್ಟಿನದಾಗುತ್ತದೆ. ಊರಿನ ಸಾವಿರಾರು ಮರಗಳ ನಡುವಿನ ಒಂದು ಮರ ಅದಲ್ಲ; ದಿನವೂ ಬೆಳಿಗ್ಗೆ ಕಣ್ಣಿಗೆ ಬೀಳುವ ಒಂದೇ ಮರ. ಕಾಂಡದಲ್ಲಿ ಪೊಳ್ಳು ಬಿದ್ದಿದ್ದರೆ, ಬುಡ ಒಂದು ಕಡೆ ಎದ್ದಿದ್ದರೆ, “ಕೊಂಬೆ ಕಡಿಸಿ” ಎಂದು ನೆರೆಯವರು ಮೊದಲೇ ಹೇಳಿದ್ದರೆ, ಅನಂತರ ಗಾಳಿಯನ್ನು ದೂರುವುದು ಕಷ್ಟ. ಈ ಸೀಮೆಗೆ ಬೇಸಗೆಯ ಗಾಳಿಮಳೆ ಹೊಸದೆಂದು ಹೇಳಲೂ ಯಾರಿಗೂ ಸಾಧ್ಯವಿಲ್ಲ.

ಆದುದರಿಂದ ಮೊದಲ ಕೆಲಸ ಮರಗಳ ಕಡೆಗೆ ಒಮ್ಮೆ ತಲೆಯೆತ್ತಿ ನೋಡುವುದು. ನುಗ್ಗೆಯ ಮರ ಮೆದು, ಕೊಂಬೆ ಬಹು ಬೇಗ ಮುರಿಯುವಂಥದು. ಕಾಯಿಯ ಭಾರ ಸೇರಿದರೆ ಇನ್ನೂ ಬೇಗ. ಹೂ ಬಿಟ್ಟ ಕೊಂಬೆಗೆ ಕತ್ತಿ ತಾಗಿಸಲು ಯಾವ ಗೃಹಿಣಿಗೂ ಮನಸ್ಸು ಬಾರದು. ಬೇಸಗೆಯುದ್ದಕ್ಕೂ ಸಾರಿಗೆ ಆಗುವ ಕಾಯಿ ಅದು. ಪೂರ್ತಿ ಮರವನ್ನು ಈಗ ಕಡಿಯಬೇಕಾಗಿಲ್ಲ. ಗೋಡೆ ದಾಟಿದ ಕೊಂಬೆ, ಒಣಗಿದ ಕೊಂಬೆ, ಒಂದರ ಮೇಲೊಂದು ಉಜ್ಜುವ ಕೊಂಬೆ, ಇಷ್ಟನ್ನು ಸವರಿದರೆ ಸದ್ಯಕ್ಕೆ ಸಾಕು. ಪೆರಿಯಕುಳಂ ತೋಟಗಾರಿಕೆ ಕಾಲೇಜಿನಿಂದ ಬಂದ ಪಿ.ಕೆ.ಎಂ.-1 ಎಂಬ ಕುಳ್ಳು ತಳಿಯಾದರೆ, ಕೊಯ್ಲು ಮುಗಿದ ಮೇಲೆ ನೆಲದಿಂದ ಸುಮಾರು 90 ಸೆಂಟಿಮೀಟರ್ ಎತ್ತರಕ್ಕೆ ಕಡಿದರೆ ಮತ್ತೆ ಚಿಗುರುತ್ತದೆ. ಕಾಯಿ ಕೈಗೆಟಕುವಷ್ಟರಲ್ಲಿಯೇ ಇರುತ್ತದೆ. ಗೊನೆ ಬಿಟ್ಟ ಬಾಳೆಗೆ ಬಿದಿರು ಅಥವಾ ಸರ್ವೆಯ ಗಳದ ಆಸರೆ ಬೇಕು. ಪಪ್ಪಾಯಿಯ ಬುಡದಲ್ಲಿ ಒಂದೆರಡು ದಿನ ನೀರು ನಿಂತರೂ ಬೇರು ಕೊಳೆಯುತ್ತದೆಯಾದುದರಿಂದ ಬುಡಕ್ಕೆ ಮಣ್ಣೇರಿಸಿ, ನೀರು ಹರಿಯಲು ಕಾಲುವೆ ತೆಗೆಯಬೇಕು.

ವಿದ್ಯುತ್ ತಂತಿಗೆ ತಾಗುವ ಕೊಂಬೆಯನ್ನು ಮಾತ್ರ ಮನೆಯವರು ಮುಟ್ಟಬಾರದು. ವಿದ್ಯುತ್ ನಿಗಮಕ್ಕೆ ತಿಳಿಸಿ, ಸಂಪರ್ಕ ನಿಲ್ಲಿಸಿದ ಮೇಲೆ ಅವರಿಂದಲೇ ಕಡಿಸಬೇಕು. ದೂರು ಕೇಳಲು 2021ರಿಂದ ‘ಮಿನ್ನಗಂ’ ಎಂಬ ಕೇಂದ್ರ ಹಗಲಿರುಳೂ ಇದೆ. ಬೀದಿಬದಿಯ ಮರವನ್ನೂ ಸ್ಥಳೀಯ ಆಡಳಿತದ ಅನುಮತಿಯಿಲ್ಲದೆ ಕಡಿಯುವಂತಿಲ್ಲ.

ನೆರೆಯವರ ಮರದ ಕೊಂಬೆ ನಮ್ಮ ಅಂಗಳಕ್ಕೆ ಚಾಚಿದರೆ ಏನು ಮಾಡಬಹುದು? 1894ರಲ್ಲಿ ಲೆಮನ್ ಮತ್ತು ವೆಬ್ ಮೊಕದ್ದಮೆಯಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು ಇಷ್ಟು: ಪಕ್ಕದವರ ನೆಲಕ್ಕೆ ಕಾಲಿಡದೆ, ಗಡಿ ದಾಟಿ ಬಂದಷ್ಟು ಕೊಂಬೆಯನ್ನು ಕಡಿಯಬಹುದು, ಎಷ್ಟು ವರ್ಷದಿಂದ ಚಾಚಿಕೊಂಡಿದ್ದರೂ ಹಾಗೆಯೇ ಇರುವ ಹಕ್ಕು ಮರಕ್ಕೆ ಬಾರದು. ಆದರೆ ಕಡಿದ ಕೊಂಬೆಯ ಕಾಯಿ ಕಡಿದವರದಲ್ಲ. 1919ರ ಮಿಲ್ಸ್ ಮತ್ತು ಬ್ರೂಕರ್ ಮೊಕದ್ದಮೆಯಲ್ಲಿ, ಗೋಡೆ ದಾಟಿದ ಸೇಬಿನ ಕೊಂಬೆಗಳನ್ನು ಕಡಿದು ಹಣ್ಣನ್ನು ಮಾರಿಕೊಂಡವರು ಮರದ ಒಡೆಯರಿಗೆ ಬೆಲೆ ತೆರಬೇಕಾಯಿತು. ನಮ್ಮ ನುಗ್ಗೆಗೂ ಈ ನ್ಯಾಯ ಒಪ್ಪುತ್ತದೆ. ಕಾನೂನು ಕಡಿಯಲು ಬಿಟ್ಟರೂ, ಮೊದಲು ಒಂದು ಮಾತು ಹೇಳಿ, ಅನಂತರ ಕಾಯಿಯನ್ನು ಗೋಡೆಯಾಚೆ ಕೊಟ್ಟುಕಳುಹಿಸುವುದು ಊರಿನ ಮರ್ಯಾದೆ.

ಎರಡನೆಯ ಕೆಲಸ ನೀರಿನದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಇದನ್ನು ಮಕ್ಕಳಿಂದಲೇ ಲೆಕ್ಕ ಹಾಕಿಸಬಹುದು: 1000 ಚದರಡಿಯ ತಾರಸಿ ಎಂದರೆ ಸುಮಾರು 93 ಚದರ ಮೀಟರ್, ಅದರ ಮೇಲೆ 50 ಮಿಲಿಮೀಟರ್ ಮಳೆಯಾದರೆ 4650 ಲೀಟರ್ ನೀರು. ಗಿಡದ ಚೀಲಗಳಿಂದ ಹರಿದ ಮಣ್ಣು, ಎಲೆ, ತೆಂಗಿನ ನಾರಿನ ಪುಡಿ ತಾರಸಿಯ ತೂಬನ್ನು ಮುಚ್ಚಿದ್ದರೆ ಆ ಭಾರವೆಲ್ಲ ಮನೆಯ ತಲೆಯ ಮೇಲೆ ನಿಲ್ಲುತ್ತದೆ. ತಮಿಳುನಾಡಿನಲ್ಲಿ ಮಳೆನೀರು ಸಂಗ್ರಹ 2003ರಿಂದ ಕಡ್ಡಾಯವಾಗಿದೆ. ಆದರೆ ಎಷ್ಟೋ ಮನೆಗಳಲ್ಲಿ ಅದರ ಕೊಳವೆ ಇದ್ದೂ ಇಲ್ಲದಂತಿದೆ. ತೂಬಿಗೆ ಜಾಲರಿ ಹಾಕಿ, ಇಂಗುಗುಂಡಿಯ ಹೂಳು ತೆಗೆದರೆ ಕಾಲ ತಪ್ಪಿ ಬಂದ ಅದೇ ಮಳೆ ಏಪ್ರಿಲ್ ತಿಂಗಳ ಬಾವಿಗೆ ನೆರವಾಗುತ್ತದೆ.

ಇಲ್ಲಿಯೂ ನೆರೆಯ ಪ್ರಶ್ನೆ ಇದೆ. 1882ರ ಭಾರತೀಯ ಅನುಭೋಗ ಹಕ್ಕುಗಳ ಅಧಿನಿಯಮ ಮೊದಲು ಜಾರಿಯಾದ ಪ್ರಾಂತಗಳಲ್ಲಿ ಮದರಾಸೂ ಕೊಡಗೂ ಸೇರಿದ್ದವು. ಅದರ 7ನೆಯ ಪ್ರಕರಣದ ದೃಷ್ಟಾಂತವೊಂದರ ಪ್ರಕಾರ, ಮೇಲಿನ ನೆಲದಲ್ಲಿ ಬಿದ್ದ ನೀರು ಸಹಜವಾಗಿ ಹರಿದು ಬಂದರೆ ಕೆಳಗಿನ ನೆಲದವರು ಅದಕ್ಕೆ ಎಡೆಗೊಡಬೇಕು. ಸಹಜವಾಗಿ ಎಂಬುದೇ ಅಲ್ಲಿಯ ಮುಖ್ಯ ಪದ. ತಾರಸಿಯ ನೀರನ್ನೆಲ್ಲ ಒಂದು ಕೊಳವೆಗೆ ಕೂಡಿಸಿ ಪಕ್ಕದ ಮನೆಯ ಗೋಡೆಗೆ ಬಿಡುವುದು ಸಹಜ ಹರಿವಲ್ಲ. ಈ ಸೀಮೆಯ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡದ ಜೊತೆಗೆ ನೆಲದಗುಂಡಿಯ ಮಗ್ಗವೂ ಉಳಿದುಬಂದಿದೆ. ಅಂಥ ಗುಂಡಿಗೆ ನೀರು ನುಗ್ಗಿದರೆ ಮನೆಯ ಹಲವು ದಿನಗಳ ಗಳಿಕೆಯೇ ಹೋಗುತ್ತದೆ.

ಮೂರನೆಯದು ಬಿತ್ತನೆ. ಎಲ್ಲ ಬೀಜವನ್ನೂ ಒಂದೇ ದಿನ ಊರದೆ, ಹತ್ತು ದಿನಗಳ ಅಂತರದಲ್ಲಿ ಎರಡು ಮೂರು ಕಂತುಗಳಾಗಿ ಊರಿದರೆ ಒಂದು ಮಳೆ ಒಂದು ಕಂತನ್ನು ಮಾತ್ರ ಕೆಡಿಸೀತು. ಸಸಿಮಡಿಯನ್ನು ಒಂದು ಗೇಣಿನಷ್ಟು ಎತ್ತರಿಸಬೇಕು. ನೀರು ನಿಂತ ಮಣ್ಣಿನಲ್ಲಿ ಟೊಮೆಟೊ, ಬದನೆ, ಮೆಣಸಿನ ಎಳೆಸಸಿಗಳು ಬುಡ ಕೊಳೆತು ಮಲಗುತ್ತವೆ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯ ಇದಕ್ಕೆ ಹೇಳುವ ಬೀಜೋಪಚಾರವೆಂದರೆ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ವಿರಿಡೆ. ಮನೆಯ ಹಿಡಿಬೀಜಕ್ಕೆ ಒಂದು ಚಿಟಿಕೆ ಸಾಕು. ತಾರಸಿಯ ಅಂಚಿನ ಗೋಡೆಯ ಮೇಲೆ ಕುಂಡವಿಡುವ ರೂಢಿಯನ್ನು ಬಿಡಬೇಕು. ಕೆಳಗೆ ನಡೆಯುವವರ ತಲೆಯ ಮೇಲೆ ಅದು ಬಿದ್ದರೆ ಅಜಾಗರೂಕತೆಗಾಗಿ ಭಾರತೀಯ ನ್ಯಾಯ ಸಂಹಿತೆಯ 125ನೆಯ ಪ್ರಕರಣದಂತೆ ಅಪರಾಧವೂ ಆಗಬಹುದು. ಮಳೆ ನಿಂತ ಮೇಲೆ ತಟ್ಟೆ, ಖಾಲಿ ಕುಂಡಗಳ ನೀರನ್ನು ವಾರದೊಳಗೆ ಚೆಲ್ಲಬೇಕು. ಸೊಳ್ಳೆಯ ಮರಿ ರೆಕ್ಕೆ ಪಡೆಯಲು ಅಷ್ಟೇ ದಿನ ಸಾಕು. ಗುಡುಗುವಾಗ ಗಿಡ ಉಳಿಸಲೆಂದು ಮಕ್ಕಳನ್ನು ತಾರಸಿಗೆ ಕಳುಹಿಸಬಾರದು. ಗಿಡ ಹೋದರೆ ಮತ್ತೊಂದು ಬೀಜವಿದೆ.

ಇಷ್ಟೆಲ್ಲ ಆದ ಮೇಲೂ, ಬೀಳುವಂತಿರುವ ಮರ ಬೇರೆಯವರದಾಗಿದ್ದು, ಹೇಳಿದ ಮಾತು ಅವರ ಕಿವಿಗೆ ಬೀಳದಿದ್ದರೆ ದಾರಿಯಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಪ್ರಕರಣದ ಪ್ರಕಾರ, ಬಿದ್ದು ನೆರೆಹೊರೆಯವರಿಗೋ ದಾರಿಹೋಕರಿಗೋ ಅಪಾಯ ಮಾಡುವ ಸ್ಥಿತಿಯಲ್ಲಿರುವ ಮರವನ್ನು ತೆಗೆಯುವಂತೆ ಅಥವಾ ಅದಕ್ಕೆ ಆಸರೆ ಕೊಡುವಂತೆ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿಗಳು ಷರತ್ತಿನ ಆದೇಶ ನೀಡಬಹುದು. ಮರದ ಒಡೆಯರಿಗೆ ತಮ್ಮ ಆಕ್ಷೇಪ ಹೇಳಿಕೊಳ್ಳುವ ಅವಕಾಶವೂ ಅಲ್ಲಿ ಇದೆ. ಸೋಮವಾರಗಳಂದು ಕಲೆಕ್ಟರ್ ಕಚೇರಿಯಲ್ಲಿ ನಡೆಯುವ ಕುಂದುಕೊರತೆ ದಿನದಲ್ಲಿ ಇಂಥ ಮನವಿಯನ್ನು ಕೊಡಬಹುದು.

ಮನವಿ ಯಾವ ಭಾಷೆಯಲ್ಲಿರಬೇಕು? ಈ ಅಳುಕಿನಿಂದಲೇ ಹಲವು ಹಿರಿಯರು ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ. ಸಂವಿಧಾನದ 350ನೆಯ ಅನುಚ್ಛೇದವು, ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಮನವಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಕನ್ನಡದಲ್ಲಿ ಬರೆದ ಮನವಿಯೂ ಮನವಿಯೇ. ಕೆಲಸ ಬೇಗ ಸಾಗಲೆಂದು ಜೊತೆಗೊಂದು ತಮಿಳು ಪ್ರತಿಯನ್ನು ಇಡುವುದು ಜಾಣತನ. ಕನ್ನಡ ಶಾಲೆಯಲ್ಲಿ ಓದುತ್ತ ತಮಿಳನ್ನೂ ಕಲಿತ ಮಗುವೊಂದು ಅಜ್ಜನ ಪರವಾಗಿ ಎರಡೂ ಪ್ರತಿಗಳನ್ನು ಬರೆದುಕೊಟ್ಟರೆ, ಪತ್ರಲೇಖನದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಬೇಕಿಲ್ಲ.

ಗಾಳಿ ಯಾವ ದಿನ ಬರುವುದೆಂದು ಹೇಳುವುದು ಯಾರ ಕೈಯಲ್ಲಿಯೂ ಇಲ್ಲ. ಆದರೆ ಗೋಡೆ ದಾಟಿದ ಕೊಂಬೆ, ಮುಚ್ಚಿದ ತೂಬು, ಅಂಚಿನಲ್ಲಿಟ್ಟ ಕುಂಡ, ಈ ಮೂರೂ ಈಗ ಕಣ್ಣ ಮುಂದೆಯೇ ಇವೆ. ಯುಗಾದಿಯ ಬೇವಿನ ಚಿಗುರಿಗಾಗಿ ತಲೆಯೆತ್ತುವ ಮೊದಲೇ ಒಂದು ಭಾನುವಾರದ ಬೆಳಿಗ್ಗೆಯನ್ನು ಅವುಗಳಿಗೆ ಕೊಟ್ಟರೆ ಸಾಕು.