ನಡುಗುತ್ತಿದ್ದ ಹೆಬ್ಬಾವು

ಮಕ್ಕಳೇ, ಮೊನ್ನೆ ನನ್ನ ಮೊಮ್ಮಗಳು ಕೇಳಿದಳು: "ಅಜ್ಜಾ, ಹಾವಿಗೂ ಮಕ್ಕಳೆಂದರೆ ಪ್ರೀತಿ ಇರುತ್ತಾ?" ಆಗ ನನಗೊಂದು ಹಳೆಯ ಬೇಸಿಗೆ ನೆನಪಾಯಿತು.

ಮಲೆನಾಡಿನ ಊರು ನಮ್ಮದು. ನನಗಾಗ ಹತ್ತು ವರ್ಷ. ರಾತ್ರಿ ಮಳೆ ಬಂದು ತಂಪಾಗಿದ್ದ ಒಂದು ಬೆಳಿಗ್ಗೆ, ಗುಡ್ಡದ ಹಳೆಯ ಮುಳ್ಳುಹಂದಿ ಬಿಲದಲ್ಲಿ ಹೆಬ್ಬಾವಿದೆ ಎಂಬ ಸುದ್ದಿ ಬಂತು. ನಾಲ್ಕೈದು ಜನ ದೊಣ್ಣೆ ಹಿಡಿದು ಹೊರಟರು. ಅಜ್ಜನ ಹಿಂದೆ ನಾನೂ ಓಡಿದೆ.

ಬಿಲದ ಬಾಯಲ್ಲೇ ಹಾವು ಸುರುಳಿ ಸುತ್ತಿ ಮಲಗಿತ್ತು. ಸುರುಳಿಯ ನಡುವೆ ಬೆಳ್ಳಗಿನ ಮೊಟ್ಟೆಗಳು. ಅದರ ಮೈ ಆಗಾಗ ಅದುರುತ್ತಿತ್ತು.

"ಹೆದರಿ ನಡುಗ್ತಿದೆ," ಎಂದೆ.

"ಹೆದರಿ ಅಲ್ಲ ಕಣೋ, ಕಾವು ಕೂತಿದೆ," ಎಂದರು ಅಜ್ಜ.

"ನನ್ನ ಎರಡು ಕೋಳಿ ನುಂಗಿದ್ದು ಇದೇ!" ಎಂದು ನೆರೆಮನೆಯ ಮಾವ ದೊಣ್ಣೆ ಎತ್ತಿದರು.

"ಕಾವು ಕೂತ ಕೋಳೀನ ನೀನು ಹೊಡೀತೀಯಾ? ನಿನ್ನ ಕೋಳಿ ದುಡ್ಡು ನಾನು ಕೊಡ್ತೀನಿ, ನಡಿ," ಎಂದರು ಅಜ್ಜ. ಮಾವ ಗೊಣಗುತ್ತಲೇ ದೊಣ್ಣೆ ಇಳಿಸಿದರು.

ಅಜ್ಜ ಹೇಳಿದ್ದು ಎಷ್ಟು ನಿಜವೆಂದು ದೊಡ್ಡವನಾಗಿ ಓದಿದಾಗ ತಿಳಿಯಿತು. ಹಾವುಗಳು ಮೈ ಬೆಚ್ಚಗಾಗಲು ಬಿಸಿಲನ್ನೇ ನಂಬಬೇಕು. ಆದರೆ ಕಾವು ಕೂತ ಹೆಬ್ಬಾವು ತಂಪಾದಾಗ ತನ್ನ ಸ್ನಾಯುಗಳನ್ನು ಬಿಗಿದು ಸಡಿಲಿಸಿ, ತಾನೇ ಶಾಖ ಹುಟ್ಟಿಸುತ್ತದೆ. 1841ರಲ್ಲಿ ಪ್ಯಾರಿಸ್‌ನಲ್ಲಿ ವಾಲೆನ್ಸಿಯೆನ್ ಎಂಬ ವಿಜ್ಞಾನಿ, ನಮ್ಮ ಹೆಬ್ಬಾವಿನ ಹತ್ತಿರದ ಬಂಧುವಾದ ಬರ್ಮಾ ಹೆಬ್ಬಾವು ಕಾವು ಕೂತಾಗ ಉಷ್ಣಮಾಪಕ ಇಟ್ಟು ನೋಡಿದರು. ಸುತ್ತಲಿನ ಗಾಳಿಗಿಂತ ಅದರ ಸುರುಳಿಯೊಳಗೆ ಹೆಚ್ಚು ಬಿಸಿ ಇತ್ತು!

ಸುಮಾರು ಎರಡು ತಿಂಗಳು ಹೀಗೆ ಕೂರುವ ತಾಯಿ ಹೆಚ್ಚುಕಡಿಮೆ ಉಪವಾಸವೇ ಇರುತ್ತದೆ. ಹೆಬ್ಬಾವಿಗೆ ವಿಷವಿಲ್ಲ. ಬೇಟೆಯನ್ನು ಸುತ್ತಿ ಬಿಗಿದು ಕೊಂದು, ಇಡಿಯಾಗಿ ನುಂಗುತ್ತದೆ. ಕತ್ತಲಲ್ಲೂ ಬೇಟೆಯ ಮೈಬಿಸಿ ತಿಳಿಯಲು ಅದರ ತುಟಿಯ ಮೇಲೆ ಪುಟ್ಟ ಕುಳಿಗಳಿವೆ. ಮರಿಗಳಿಗೆ ಮಾತ್ರ ಅದು ಉಣಿಸುವುದಿಲ್ಲ, ಬೇಟೆ ಕಲಿಸುವುದೂ ಇಲ್ಲ. ಮೊಟ್ಟೆ ಒಡೆದು ಬಂದ ಮರಿ ತನ್ನ ಪಾಡು ತಾನೇ ನೋಡಿಕೊಳ್ಳಬೇಕು.

ಮಳೆಗಾಲ ಹಿಡಿದ ಮೇಲೆ ಅಜ್ಜ ನನ್ನನ್ನು ಮತ್ತೆ ಅಲ್ಲಿಗೆ ಕರೆದೊಯ್ದರು. ತಾಯಿಯೂ ಇಲ್ಲ, ಮರಿಗಳೂ ಇಲ್ಲ. ತೊಗಲಿನಂತೆ ಮೆತ್ತಗಿದ್ದ ಖಾಲಿ ಚಿಪ್ಪುಗಳು ಮಾತ್ರ ಬಿದ್ದಿದ್ದವು. ಮಾವನ ಕೋಳಿ ನುಂಗಿದ್ದು ಯಾರೋ, ಕೊನೆಗೂ ಗೊತ್ತಾಗಲಿಲ್ಲ. ದುಡ್ಡನ್ನಂತೂ ಅಜ್ಜ ಕೊಟ್ಟರು.

1972ರ ವನ್ಯಜೀವಿ ಕಾಯ್ದೆ ಇಂದು ಹೆಬ್ಬಾವನ್ನು ಕಾಯುತ್ತಿದೆ. ನಿಮಗೆಲ್ಲಾದರೂ ಕಂಡರೆ ದೂರ ನಿಲ್ಲಿ, ಹಿರಿಯರನ್ನು ಕರೆಯಿರಿ, ಅರಣ್ಯ ಇಲಾಖೆಗೆ ತಿಳಿಸಿ.

ಇಷ್ಟನ್ನೂ ಕೇಳಿದ ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಅಜ್ಜಾ, ಎರಡು ತಿಂಗಳು ಅದಕ್ಕೆ ಹಸಿವಾಗಲ್ವಾ?"