ನಾಲ್ಕು ಸೋಲುಗಳ ಅನಂತರ



ದೊಡ್ಡ ಮನೆತನವೊಂದರಲ್ಲಿ ಹಿರಿಯ ಮಗನ ಗಳಿಕೆ ಹೆಚ್ಚಾಗಿರುತ್ತದೆ. ಊರಿನಲ್ಲಿ ಹೆಸರೂ ಅವನದೇ. ಅದೇ ಮನೆಯ ಮಗಳಿಗೆ ನಾವು ಕೊಡುವುದು ಅವಳ ಪಾಲೋ, ಇಲ್ಲವೆ ಔದಾರ್ಯವೋ? ಟರ್ಕಿಯ ಇಸ್ತಾಂಬುಲ್ ನಗರದ ಕ್ರೀಡಾ ಸಂಸ್ಥೆಯೊಂದರ ಇತಿಹಾಸವು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

1907ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ಹೆಸರು ಫೆನರ್‌ಬಾಹ್ಚೆ. ‘ಫೆನರ್’ ಎಂದರೆ ದೀಪಸ್ತಂಭ, ‘ಬಾಹ್ಚೆ’ ಎಂದರೆ ತೋಟ. ನಮ್ಮ ‘ಬಗೀಚೆ’ಯೂ ಅದೇ ಪಾರಸಿ ಮೂಲದ ಮಾತು. ಜಗತ್ತು ಈ ಸಂಸ್ಥೆಯನ್ನು ಬಲ್ಲದ್ದು ಫುಟ್‌ಬಾಲ್‌ನಿಂದ. ಆದರೆ ವಾಲಿಬಾಲ್, ಈಜು, ದೋಣಿ ಸ್ಪರ್ಧೆ, ಅಥ್ಲೆಟಿಕ್ಸ್, ಮುಷ್ಟಿಯುದ್ಧ ಮೊದಲಾದ ಅನೇಕ ಶಾಖೆಗಳು ಅದೇ ಸೂರಿನಡಿ ಇವೆ. ಎಲ್ಲರಿಗೂ ಒಂದೇ ಹಳದಿ ಮತ್ತು ಕಡುನೀಲಿ ಬಣ್ಣ. ಮಹಿಳೆಯರ ಬ್ಯಾಸ್ಕೆಟ್‌ಬಾಲ್ ತಂಡವೂ ಈ ಕುಟುಂಬದ ಒಂದು ಕುಡಿ.

ಯುರೋಪಿನ ಮಹಿಳಾ ಕ್ಲಬ್ಬುಗಳಿಗೆ ‘ಯೂರೋಲೀಗ್’ ಅತ್ಯುನ್ನತ ಸ್ಪರ್ಧೆ. ಈ ತಂಡವು 2013ರಲ್ಲಿ ಅದರ ಅಂತಿಮ ಪಂದ್ಯ ತಲುಪಿ ರಷ್ಯದ ಎಕಟೆರಿನ್‌ಬರ್ಗ್ ತಂಡಕ್ಕೆ ಸೋತಿತು. 2014ರಲ್ಲಿ ತನ್ನ ಊರಿನ ಪ್ರತಿಸ್ಪರ್ಧಿ ಗಲಾತಸರಾಯ್‌ಗೆ ಸೋತಿತು. 2017ರಲ್ಲಿ ರಷ್ಯದ ಕುರ್ಸ್ಕ್ ತಂಡಕ್ಕೆ ಶರಣಾಯಿತು. 2022ರಲ್ಲಿ ಇಸ್ತಾಂಬುಲ್‌ನಲ್ಲಿಯೇ, ಸ್ವಂತ ಜನರ ಕಣ್ಣೆದುರಿಗೆ, ಹಂಗೆರಿಯ ಸೊಪ್ರಾನ್ ತಂಡಕ್ಕೆ 60–55ರಿಂದ ಸೋತಿತು.

ನಾಲ್ಕನೆಯ ಸೋಲಿನ ಅನಂತರ ‘ಇನ್ನು ಸಾಕು, ಈ ಹಣ ಫುಟ್‌ಬಾಲ್‌ಗಿರಲಿ’ ಎನ್ನುವುದು ಸುಲಭವಿತ್ತು. ಸಂಸ್ಥೆಯು ಹಾಗೆ ಕೈಬಿಡಲಿಲ್ಲ. 2023ರಲ್ಲಿ ಪ್ರಾಗ್ ನಗರದಲ್ಲಿ ಮೆರ್ಸಿನ್ ತಂಡವನ್ನು 99–60ರಿಂದಲೂ, 2024ರಲ್ಲಿ ಫ್ರಾನ್ಸಿನ ವಿಲ್‌ನವ್ ದಾಸ್ಕ್ ತಂಡವನ್ನು 106–73ರಿಂದಲೂ ಸೋಲಿಸಿ, ಈ ಮಹಿಳೆಯರು ಎರಡು ವರ್ಷ ಸತತವಾಗಿ ಯುರೋಪಿನ ಕಿರೀಟ ಧರಿಸಿದರು. ಆ ವೇಳೆಗೆ ಹೆಸರುವಾಸಿಯಾದ ಅವರ ಫುಟ್‌ಬಾಲ್ ತಂಡಕ್ಕೆ ಯುರೋಪಿನ ಚಾಂಪಿಯನ್ ಪಟ್ಟ ಒಮ್ಮೆಯೂ ದೊರೆತಿರಲಿಲ್ಲ. ಈ ಗೆಲುವಿನ ಹಿಂದೆ ಹೊರದೇಶದ ಆಟಗಾರ್ತಿಯರೂ ಹಣದ ಬಲವೂ ಇದ್ದವೆಂಬುದು ನಿಜ. ಆದರೆ ಹಣದೊಡನೆ ತಾಳ್ಮೆಯೂ ಇರದಿದ್ದರೆ ಐದನೆಯ ಅವಕಾಶವೇ ಬರುತ್ತಿರಲಿಲ್ಲ.

ಇನ್ನು ನಮ್ಮ ಮನೆಗಳತ್ತ ನೋಡೋಣ. ಶಾಲೆಯ ಅಂಗಳದಲ್ಲಿ ಹುರುಪಿನಿಂದ ಓಡಾಡುವ ಹೆಣ್ಣುಮಗು ಹತ್ತನೆಯ ತರಗತಿಗೆ ಬಂದೊಡನೆ ‘ಆಟ ಸಾಕು, ಪುಸ್ತಕ ಹಿಡಿ’ ಎಂಬ ಮಾತು ಕೇಳಬೇಕಾಗುತ್ತದೆ. ಅದೇ ಮನೆಯ ಹುಡುಗನ ಕ್ರಿಕೆಟ್ ಪರೀಕ್ಷೆಯ ಹಿಂದಿನ ವಾರದವರೆಗೂ ನಿಲ್ಲುವುದಿಲ್ಲ. ಅವಳು ಒಂದು ಪಂದ್ಯ ಸೋತು ಬಂದರೆ ‘ನಿನಗೇಕೆ ಬೇಕಿತ್ತು’ ಎನ್ನುವವರೂ ನಾವೇ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಮಹಿಳೆಯರ ಚೆಂಡು ಪುರುಷರದಕ್ಕಿಂತ ತುಸು ಚಿಕ್ಕದು. ಬುಟ್ಟಿಯ ಎತ್ತರ ಮಾತ್ರ ಇಬ್ಬರಿಗೂ ಒಂದೇ, 3.05 ಮೀಟರ್. ಮಗಳಿಂದ ಅಷ್ಟೇ ಎತ್ತರವನ್ನು ಅಪೇಕ್ಷಿಸುವ ನಾವು ಅಭ್ಯಾಸದ ಕಾಲವನ್ನೂ ಅಷ್ಟೇ ಕೊಡಬೇಡವೇ? ಇದಕ್ಕೆ ದೊಡ್ಡ ಸಿರಿವಂತಿಕೆ ಬೇಕಿಲ್ಲ. ಸಂಜೆ ಒಂದು ಗಂಟೆಯ ಬಿಡುವು, ಮೈದಾನದವರೆಗೆ ಜೊತೆಗೆ ಹೋಗಿ ಬರುವ ಹಿರಿಯರೊಬ್ಬರು, ಒಳ್ಳೆಯ ಒಂದು ಜೊತೆ ಬೂಟು, ಮತ್ತು ಸೋತು ಬಂದ ದಿನ ಎಂದಿನಂತೆಯೇ ಬಡಿಸುವ ಊಟ, ಇಷ್ಟು ಸಾಕು. ಈ ವರ್ಷ ಶಾಲೆಯ ಪೋಷಕರ ಸಭೆಗೆ ಹೋದಾಗ ಅಂಕಪಟ್ಟಿಯೊಡನೆ ಬಾಲಕಿಯರ ತಂಡದ ವಿಷಯವನ್ನೂ ವಿಚಾರಿಸಿ ಬನ್ನಿರೆಂದು ಓದುಗರಲ್ಲಿ ನಾವು ವಿನಂತಿಸುತ್ತೇವೆ.