ಹಣೇಬಾರವಲ್ಲ, ಹೊಣೆಗೇಡಿತನ

ಕೂಸು ಹೊಟ್ಟೆಯಲ್ಲಿ ತಲೆ ಮೇಲೆ ಮಾಡಿ ಕೂತಿದೆ. ಇದೇನು ಗುಟ್ಟೇ? ಅನುಭವವಿರುವ ನರ್ಸಮ್ಮ ಹೊಟ್ಟೆ ಮುಟ್ಟಿದರೆ ಅನುಮಾನ ಬರುತ್ತದೆ. ಸೋನೋಗ್ರಾಫಿ ಮಾಡಿದರೆ ಖಾತ್ರಿಯಾಗುತ್ತದೆ. 36ನೇ ವಾರಕ್ಕೇ ತಿಳಿಯುವ ಸಂಗತಿ. ಬ್ಯಾನಿ ಶುರುವಾಗಲು ಇನ್ನೂ ಮೂರ್ನಾಲ್ಕು ವಾರ ಇರುತ್ತದೆ. ಅಷ್ಟು ದಿನ ದವಾಖಾನೆಯವರು ನೀವೆಲ್ಲ ಏನು ಮಾಡುತ್ತಿದ್ದಿರಿ?

ದಿನ ತುಂಬಿದ ನೂರು ಬಸುರಿಯರಲ್ಲಿ ಮೂರ್ನಾಲ್ಕು ಮಂದಿಯ ಕೂಸು ಹೀಗೇ ಇರುತ್ತದೆ. 2011ರ ಜನಗಣತಿಯಲ್ಲೇ ಮೂರು ಲಕ್ಷ ಜನ ದಾಟಿದ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಗಡಿಯ ಜತ್ತ ತಾಲ್ಲೂಕಿನಲ್ಲಿ ಇದು ತಿಂಗಳು ತಿಂಗಳೂ ಬರುವ ಪ್ರಸಂಗ. ಆದರೂ ಪ್ರತಿ ಸಲ ಆಕಾಶವೇ ಕಳಚಿ ಬಿದ್ದ ಹಾಗೆ ನಾಟಕ. ‘ನಮ್ಮ ಕೈಯಾಗಿಲ್ಲ, ಮುಂದ ಒಯ್ಯರಿ.’ ಮುಂದೆ ಅಂದರೆ ಎಲ್ಲಿಗೆ? ತಾಲ್ಲೂಕಿನ ಉಮದಿಯಿಂದ ಜಿಲ್ಲಾ ಕೇಂದ್ರ ಸಾಂಗ್ಲಿ ನೂರು ಕಿಲೋಮೀಟರಿಗೂ ಹೆಚ್ಚು. ನೀರು ಒಡೆದ ಹೆಂಗಸನ್ನು ಆ ರಸ್ತೆಯಲ್ಲಿ ಒಯ್ಯಬೇಕು. ಒಯ್ಯಿರಿ ಎಂದವರು ಒಮ್ಮೆಯಾದರೂ ಆ ಗಾಡಿಯಲ್ಲಿ ಕೂತಿದ್ದೀರಾ?

ಏನಾಗುತ್ತದೆ ಎಂದು ಬಿಡಿಸಿಯೇ ಹೇಳುತ್ತೇನೆ, ಕೇಳಿ. ಮೊದಲು ಕುಂಡಿಯೋ ಕಾಲೋ ಬರುತ್ತದೆ. ಮೈ ಬರುತ್ತದೆ. ಎಲ್ಲಕ್ಕಿಂತ ದೊಡ್ಡದಾದ ತಲೆ ಒಳಗೇ ಉಳಿಯುತ್ತದೆ. ಹೊಕ್ಕುಳ ಬಳ್ಳಿ ಅದುಮಿಹೋಗುತ್ತದೆ. ಉಸಿರು ಕಟ್ಟುತ್ತದೆ. ಲೆಕ್ಕ ಈಗ ನಿಮಿಷಗಳದ್ದು. ಕಲಿತ ಕೈ ಅವಸರ ಮಾಡುವುದಿಲ್ಲ. ಕಲಿಯದ ಕೈ ಗಾಬರಿಯಾಗಿ ಎಳೆಯುತ್ತದೆ. ಎಳೆದರೆ ಕೂಸಿನ ತೋಳು ಮೇಲಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಕುತ್ತಿಗೆಯ ನರ ಹಿಗ್ಗುತ್ತದೆ, ಇಲ್ಲವೇ ಹರಿಯುತ್ತದೆ. ಎಲುಬು ಮುರಿಯುತ್ತದೆ. ಮಿದುಳಿಗೆ ಪ್ರಾಣವಾಯು ತಪ್ಪಿದರೆ ಸೆರೆಬ್ರಲ್ ಪಾಲ್ಸಿಯೂ ಆದೀತು.

ಹರಿದ ನರದ ಕೈ ನೋಡಿದ್ದೀರಾ? ಭುಜದಿಂದ ಸೋತು ಜೋಲುತ್ತದೆ. ಒಳಕ್ಕೆ ತಿರುಗಿ, ಅಂಗೈ ಹಿಂದಕ್ಕೆ ಮಾಡಿ ನಿಲ್ಲುತ್ತದೆ. ತುತ್ತು ಬಾಯಿಗೆ ಎತ್ತಲಾಗದು. ಅಂಗಿ ತೊಡಲಾಗದು. ಕಾಲು ಮುಂದಾಗಿ ಹುಟ್ಟಿದ ಪಾಯಾಳು ಒದ್ದರೆ ಬೆನ್ನುನೋವು ಹೋಗುತ್ತದೆ ಎಂದು ನಂಬುವ ಸೀಮೆ ಇದು. ಆ ಪಾಯಾಳುವಿನ ಕೈಯ ನೋವನ್ನು ಯಾರು ತೆಗೆಯುತ್ತಾರೆ?

ವಿಜ್ಞಾನಕ್ಕೆ ಗೊತ್ತಿರಲಿಲ್ಲವೇ? 2000ನೇ ಇಸವಿಯಲ್ಲೇ ‘ಲ್ಯಾನ್ಸೆಟ್’ ಪತ್ರಿಕೆ 26 ದೇಶಗಳ ಇಂಥ 2,088 ಬಸುರಿಯರ ಅಧ್ಯಯನ ಪ್ರಕಟಿಸಿತು. ಮೊದಲೇ ಸಿಸೇರಿಯನ್ ನಿಗದಿ ಮಾಡಿದ ಕಡೆ ಸತ್ತ ಅಥವಾ ಗಂಭೀರ ಪೆಟ್ಟು ತಿಂದ ಕೂಸುಗಳು ನೂರಕ್ಕೆ 1.6. ಸಹಜ ಹೆರಿಗೆಗೆ ಎಂದು ಇಟ್ಟ ಕಡೆ ನೂರಕ್ಕೆ 5. ಆ ಅಧ್ಯಯನದ ಮೇಲೆ ತಕರಾರುಗಳಿವೆ. ನುರಿತ ವೈದ್ಯರು ಇದ್ದು, ಆಪರೇಷನ್ ಕೋಣೆ ಪಕ್ಕದಲ್ಲೇ ಸಿದ್ಧವಿದ್ದರೆ ಕೆಲವರಿಗೆ ಸಹಜ ಹೆರಿಗೆಯೂ ಆದೀತು ಎನ್ನುತ್ತಾರೆ. ಆಗಲಿ. ಜತ್ತದ ಸಂಖ ಹಳ್ಳಿಯ ಬಡವಿಗೆ ಆ ನುರಿತ ವೈದ್ಯರು ಎಲ್ಲಿದ್ದಾರೆ? ಆ ಕೋಣೆ ಎಲ್ಲಿದೆ? ಅರಿವಳಿಕೆ ಡಾಕ್ಟರು ಎಲ್ಲಿ? ದೇಶದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದ ತಜ್ಞರ ಪೈಕಿ ಸುಮಾರು 80 ಪ್ರತಿಶತ ಕೊರತೆ ಎಂದು ಕೇಂದ್ರ ಸರ್ಕಾರದ 2022ರ ಅಂಕಿಅಂಶವೇ ಹೇಳಿದೆ. ಹೇಳಿ ಕೈತೊಳೆದುಕೊಂಡಿದೆ.

ಗಡಿಯ ಜಗಳಕ್ಕೆ ಮಾತ್ರ ಯಾರಿಗೂ ಕೊರತೆಯಿಲ್ಲ. 2022ರ ನವೆಂಬರಿನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಜತ್ತದ 40 ಹಳ್ಳಿಗಳ ಮೇಲೆ ಹಕ್ಕಿನ ಮಾತಾಡಿದರು. ಮುಂಬೈ ಸರ್ಕಾರ ದಡಬಡಿಸಿ ಎದ್ದು ಮ್ಹೈಸಾಳ ನೀರಾವರಿ ಯೋಜನೆಯ ಮಾತೆತ್ತಿತು. ಮರುವರ್ಷ ಕರ್ನಾಟಕದೊಳಗಿನ 865 ಹಳ್ಳಿಗಳಿಗೆ ಮಹಾರಾಷ್ಟ್ರ ಆರೋಗ್ಯ ವಿಮೆ ಘೋಷಿಸಿತು. ಬೆಂಗಳೂರು ಕೆರಳಿತು. ಮಣ್ಣಿನ ಮೇಲೆ ಇಬ್ಬರಿಗೂ ಪ್ರೀತಿ. ಆ ಮಣ್ಣಿನ ಮೇಲೆ ಹೆರುವ ಹೆಂಗಸು ಯಾರಿಗೂ ಬೇಡ. ಕನ್ನಡ ಮಾತ್ರ ಬರುವ ತಾಯಿಯಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಒಪ್ಪಿಗೆ ಕಾಗದವನ್ನು ಅವಳ ಭಾಷೆಯಲ್ಲಿ ಓದಿ ಹೇಳುವವರು ಯಾರು?

ಆಡಳಿತ ಎಚ್ಚರಾಗುವುದು ಹೆಣ ಬಿದ್ದ ಮೇಲೆ. ಇದೇ ಜಿಲ್ಲೆಯ ಮ್ಹೈಸಾಳವನ್ನು ನೆನೆಯಿರಿ. 2017ರಲ್ಲಿ ಅಲ್ಲಿನ ಒಂದು ದವಾಖಾನೆಯ ಗರ್ಭಪಾತದಲ್ಲಿ ಒಬ್ಬ ಹೆಂಗಸು ಸತ್ತಳು. ಆಮೇಲೆ ಅಗೆದರು. 19 ಭ್ರೂಣಗಳು ಸಿಕ್ಕವು. ಆ ದವಾಖಾನೆ ನಡೆಸುತ್ತಿದ್ದವನು ಹೋಮಿಯೋಪತಿಯವನು. ಅಲ್ಲಿಯವರೆಗೆ ತಪಾಸಣೆ ಮಾಡಬೇಕಾದವರ ಕಣ್ಣಿಗೆ ಏನು ಬಿದ್ದಿತ್ತು?

ಇನ್ನು ನ್ಯಾಯ. 1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯರನ್ನು ಗ್ರಾಹಕ ಕಾಯ್ದೆಯೊಳಗೆ ತಂದಿತು. ಆದರೆ ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಆಸ್ಪತ್ರೆಗಳನ್ನು ಹೊರಗಿಟ್ಟಿತು. ಅಂದರೆ ದುಡ್ಡು ಕೊಟ್ಟವನಿಗೆ ಗ್ರಾಹಕ ನ್ಯಾಯಾಲಯ. ಪುಕ್ಕಟೆ ಹೆತ್ತವಳಿಗೆ ವರ್ಷಗಟ್ಟಲೆ ಅಲೆಸುವ ಸಿವಿಲ್ ಕೋರ್ಟು. ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬ ತಾರೀಖಿನಿಂದ ತಾರೀಖಿಗೆ ಅಲೆದೀತೇ? ಅದನ್ನೂ ಬಲ್ಲಿರಿ. ಅದಕ್ಕೇ ಇಷ್ಟು ನಿಶ್ಚಿಂತೆ.

ಪ್ರತಿ ಪೆಟ್ಟಿಗೂ ವೈದ್ಯರೇ ಕಾರಣವಲ್ಲ. ಒಪ್ಪಿದೆ. ಹಾಗಿದ್ದರೆ ದಾಖಲೆ ಬಚ್ಚಿಡುವುದೇಕೆ? ಕೇಳಿದ 72 ಗಂಟೆಯೊಳಗೆ ಕಾಗದಪತ್ರ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮವೇ ಇದೆ. ಎಷ್ಟು ಹೊತ್ತಿಗೆ ಬಂದಳು, ಯಾರು ಮುಟ್ಟಿದರು, ಯಾರು ಎಳೆದರು, ಮುಂದೆ ಕಳಿಸಿದ್ದು ಎಷ್ಟೊತ್ತಿಗೆ? ಬರೆದಿಟ್ಟಿದ್ದರೆ ತೋರಿಸಿ. ಬರೆದಿಲ್ಲವಾದರೆ ಅದೇ ಮೊದಲ ಅಪರಾಧ.

ನಾವೂ ಕಡಿಮೆಯಿಲ್ಲ. ಕೂಸಿನ ಕೈ ಬಿದ್ದರೆ ‘ಗ್ರಹಣ ಹಿಡೀತು’ ಎಂದೆವು. ಸೊಸೆಯನ್ನು ಬೈದೆವು. ಹಣೇಬಾರ ಎಂದು ಬಾಯಿ ಮುಚ್ಚಿದೆವು. ನಮ್ಮ ಬಾಯಿ ಮುಚ್ಚಿದ್ದಕ್ಕೇ ಅವರ ಕುರ್ಚಿ ಗಟ್ಟಿಯಾಯಿತು.

ಇನ್ನು ಸಾಕು. ತಿಂಗಳ 9ನೇ ತಾರೀಖು ಸರ್ಕಾರಿ ದವಾಖಾನೆಯಲ್ಲಿ ಬಸುರಿಯರ ಪುಕ್ಕಟೆ ತಪಾಸಣೆಯ ದಿನ. ಒಬ್ಬಳೇ ಹೋಗಬೇಡಿ, ಓಣಿಯೇ ಹೋಗಿ. ದಿನ ತುಂಬುತ್ತಾ ಬಂದವಳು ಕೇಳಲಿ: ‘ಕೂಸಿನ ತಲಿ ಕೆಳಗೈತೋ ಮ್ಯಾಲೈತೋ? ಮ್ಯಾಲಿದ್ದರ ಹೆರಿಗಿ ಎಲ್ಲಿ, ಆಪರೇಷನ್ ಮಾಡೋರು ಯಾರು, ಗಾಡಿ ಯಾವುದು? ಬರದು ಸಹಿ ಮಾಡ್ರಿ.’ ಬರೆಯದಿದ್ದರೆ ಬಾಗಿಲಲ್ಲೇ ಕೂಡಿ. ಸಹಿ ಬೀಳುವ ತನಕ ಏಳಬೇಡಿ.